ಕಟ್ಟದೆ ಬಿಟ್ಟ ಕಾಲು

ವಿಮಾನ ನಿಲ್ದಾಣ

ಸಿಯಾಟಲ್ ವಿಮಾನ ನಿಲ್ದಾಣದ ಅಧಿಕಾರಿ ನನ್ನ ಕೈಚೀಲದಿಂದ ಸೀಟಿಯೊಂದನ್ನು ಎತ್ತಿ, ದಾರ ಹಿಡಿದು ತೂಗಾಡಿಸುತ್ತಾ, ಇದು ಯಾಕೆ ಎಂದು ಕೇಳಿದ. ಬೆಂಗಳೂರಿನ ಮೈದಾನಗಳಲ್ಲಿ ಮೂವತ್ತು ವರ್ಷ ಫುಟ್‌ಬಾಲ್ ರೆಫ್ರಿಯಾಗಿದ್ದೆ, ಸೀಟಿ ಇಲ್ಲದೆ ಹೊರಟರೆ ಚಪ್ಪಲಿ ಮರೆತು ಬಂದ ಹಾಗಾಗುತ್ತದೆ ಎಂದೆ. ಅವನು ನನ್ನ ಹೊಟ್ಟೆಯನ್ನೊಮ್ಮೆ ನೋಡಿದ. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಈ ಮುದುಕ ಅಂಥ ದಾಂಡಿಗರ ನಡುವೆ ನಿಂತಿದ್ದನೇ ಎಂದು ಅವನಿಗೆ ಅನುಮಾನ ಬಂದಿರಬೇಕು. ಸಾಕರ್ ಎಂದು ತಿದ್ದಿ ಹೇಳಿದ ಮೇಲೆ ಸೀಟಿ ವಾಪಸು ಬಂತು. ದೇಶದೊಳಗೆ ಕಾಲಿಡುವ ಮೊದಲೇ ನಮ್ಮ ಆಟದ ಹೆಸರನ್ನು ಬಿಟ್ಟುಕೊಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ನಾನು ಅಷ್ಟು ದೂರ ಹೋದದ್ದು ಚಿನ್ನಪ್ಪನವರನ್ನು ನೋಡಲು. ಅವರು ಹಲಸೂರಿನವರು. ಬರಿಗಾಲಲ್ಲಿ ಆಡಿ ಬೆಳೆದು, ಎಂಜಿನಿಯರಿಂಗ್ ಓದಿ, ಮುಂದಿನ ಓದಿಗೆಂದು ಸಿಯಾಟಲ್‌ಗೆ ಬಂದು, ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತವರು. ಬಂದವರು ತೆಪ್ಪಗಿರದೆ ಒಂದು ಫುಟ್‌ಬಾಲ್ ತಂಡ ಕಟ್ಟಿದರು. ಆಡಿದವರಿಗೆ ಸಂಬಳ ಕೊಡುವ ತಂಡ. ಆ ಭಾಗದಲ್ಲಿ ಅಂಥ ಮೊದಮೊದಲ ತಂಡಗಳಲ್ಲಿ ಅದೊಂದು. ಹೆಸರು ಹೆರನ್ಸ್, ಅಂದರೆ ನಮ್ಮ ಬಕಪಕ್ಷಿ. ಕೋಚ್ ಕೂಡ ಅವರೇ; ಅಲ್ಲಿಯ ಬಾಯಿಗಳಲ್ಲಿ ಚಿನ್ನಪ್ಪ ‘ಕೋಚ್ ಚಿನ್’ ಆದರು. ಕೆಲವೇ ವರ್ಷ ಆಡಿ ತಂಡ ಮುಚ್ಚಿಹೋಯಿತು. ನಾನು ಪತ್ರಿಕೆಗೆ ಬರೆಯುವ ಆಟದ ಅಂಕಣವನ್ನು ಅವರು ಅಲ್ಲಿ ಕುಳಿತು ಓದುತ್ತಿದ್ದರು. ಓದಿ ಫೋನ್ ಮಾಡಿ, ಆಫ್‌ಸೈಡ್ ನನಗೆ ಇನ್ನೂ ಅರ್ಥವಾಗಿಲ್ಲ ಎಂದು ಬೈಯುತ್ತಿದ್ದರು. ಸ್ನೇಹ ಹಾಗೆ ಬೆಳೆದದ್ದು.

ಈ ಸಲದ ಫೋನಿನಲ್ಲಿ ಬೈಗುಳವಿರಲಿಲ್ಲ. ಹಳೆಯ ಮೈದಾನವಿದ್ದ ಜಾಗದಲ್ಲಿ ತಂಡದ ನೆನಪಿಗೆ ಒಂದು ಕಲ್ಲು ನಿಲ್ಲಿಸುತ್ತಿದ್ದಾರೆ, ಹಲಸೂರು ಮೈದಾನ ಕಂಡವರು ಒಬ್ಬರಾದರೂ ಅಲ್ಲಿರಲಿ, ಬನ್ನಿ ಎಂದಿದ್ದರು. ನನ್ನನ್ನು ಕರೆದೊಯ್ಯಲು ಅವರ ಒಬ್ಬಳೇ ಮಗಳು ಶೈಲಾ ಬಂದಿದ್ದರು. ಅಲ್ಲೇ ಹುಟ್ಟಿದವರು, ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಾರು ಹೆದ್ದಾರಿಗೆ ಬಂದ ಮೇಲೆ, ಅಪ್ಪ ಮುಂದಿನ ಶನಿವಾರದ ಸಮಾರಂಭಕ್ಕೆ ಬರುವುದೇ ಇಲ್ಲ ಎನ್ನುತ್ತಿದ್ದಾರೆ ಎಂದರು. ಲಾರ್ಸ್ ಬಂದರೆ ಮಾತ್ರ ತಾನೂ ಬರುವುದಂತೆ. ಶೈಲಾ ಆ ಲಾರ್ಸ್‌ಗೆ ಫೋನ್ ಮಾಡಿದರೆ ಆತ ಬಹಳ ಮರ್ಯಾದೆಯಿಂದ ಬೇಡ ಎಂದನಂತೆ. ಲಾರ್ಸ್ ತಂಡದ ಮೊದಲ ಕ್ಯಾಪ್ಟನ್, ಅಷ್ಟು ಗೊತ್ತು. ಅವರಿಬ್ಬರ ನಡುವೆ ಏನಾಯಿತೆಂದು ಅಪ್ಪ ಇದುವರೆಗೆ ಬಾಯಿಬಿಟ್ಟಿಲ್ಲ ಎಂದರು.

ಮಿಲ್ ಕ್ರೀಕ್

ಚಿನ್ನಪ್ಪನವರ ಮನೆಯಿರುವ ಮಿಲ್ ಕ್ರೀಕ್‌ನಲ್ಲಿ ಬೆಳಿಗ್ಗೆ ಎದ್ದವರೆಲ್ಲ ಕಾರು ಹತ್ತಿ ಎಲ್ಲಿಗೋ ಹೋಗಿಬಿಡುತ್ತಾರೆ. ಉಳಿಯುವವರು ಮುದುಕರು, ನಾಯಿಗಳು ಮತ್ತು ಜಿಟಿಜಿಟಿ ಮಳೆ. ಆ ಮಳೆಗೆ ಯಾರೂ ಕೊಡೆ ಹಿಡಿಯುವುದಿಲ್ಲ. ನಾನು ಕರೀ ಕೊಡೆ ಬಿಡಿಸಿಕೊಂಡು ಹೊರಟರೆ ಎದುರಿಗೆ ಬಂದವರು ನನಗೊಂದು ಗುಡ್ ಮಾರ್ನಿಂಗ್, ಕೊಡೆಗೊಂದು ನಗು ಕೊಟ್ಟು ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಗುರುತಿಲ್ಲದವರನ್ನು ನೋಡಿ ನಕ್ಕರೆ, ಅವರು ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾರೆ.

ನನ್ನ ಮನಸ್ಸು ಗೆದ್ದದ್ದು ಅಲ್ಲಿಯ ನಾಲ್ಕು ರಸ್ತೆ ಸೇರುವ ಜಾಗ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಬಂದ ಕಾರೆಲ್ಲ ತಾನಾಗಿ ನಿಲ್ಲುತ್ತದೆ, ಮೊದಲು ಬಂದವನು ಮೊದಲು ಹೋಗುತ್ತಾನೆ. ರೆಫ್ರಿಯ ಹೊಟ್ಟೆಯ ಮೇಲೆ ಹೊಡೆಯುವ ವ್ಯವಸ್ಥೆ ಎಂದು ಹೊಗಳುತ್ತಿದ್ದೆ. ಆಗಲೇ ಶೈಲಾ ಅಲ್ಲಿ ಸಿಕ್ಕಿಕೊಂಡರು. ಎದುರಿನವಳೂ ಇವರೂ ಒಟ್ಟಿಗೆ ಬಂದಿದ್ದರು. ನೀವು ಹೋಗಿ ಎಂದು ಅವಳು ಕೈ ಬೀಸಿದಳು, ನೀವು ಹೋಗಿ ಎಂದು ಇವರು ಬೀಸಿದರು. ಇಬ್ಬರೂ ಹೊರಟರು, ಇಬ್ಬರೂ ಗಕ್ಕನೆ ನಿಂತರು, ಮತ್ತೆ ಕೈ ಬೀಸಿದರು. ಹಿಂದೆ ಸಾಲುಗಟ್ಟಿದವರೂ ಮರ್ಯಾದಸ್ಥರೇ; ಒಬ್ಬರೂ ಹಾರ್ನ್ ಮಾಡಲಿಲ್ಲ. ಬೆಂಗಳೂರಾಗಿದ್ದರೆ ಒಬ್ಬ ಆಟೋದವನು ನುಗ್ಗಿ ಎಲ್ಲರನ್ನೂ ಪಾರುಮಾಡುತ್ತಿದ್ದ.

ಚಿನ್ನಪ್ಪನವರಿಗೆ ಎಂಬತ್ತು ದಾಟಿದೆ. ಎರಡೂ ಮಂಡಿ ಹೋಗಿವೆ, ವಾಕರ್ ತಳ್ಳಿಕೊಂಡೇ ಓಡಾಡಬೇಕು. ಬಾಗಿಲಲ್ಲಿ ನಿಂತಿದ್ದವರು ನನ್ನ ಮುಖ ನೋಡುವ ಮೊದಲು ಕಾಲು ನೋಡಿದರು. “ಬಲಗಡೆ ಜಾಸ್ತಿ ಭಾರ ಹಾಕ್ತೀರಿ ರೆಫ್ರೀ, ಮಂಡಿ ನೋಡ್ಕೊಳ್ಳಿ” ಎಂದರು. ಅದೇ ಸ್ವಾಗತ. ಯಾರೇ ಬರಲಿ, ಕೊರಿಯರ್ ತರುವವನಾಗಲಿ ಪಕ್ಕದ ಮನೆಯಾಕೆಯಾಗಲಿ, ಅವರ ಕಣ್ಣು ಮೊದಲು ಇಳಿಯುವುದು ಕಾಲಿಗೆ.

ತಂಡ ಹುಟ್ಟಿದ ಕಥೆಯನ್ನು ಅವರು ಫಿಲ್ಟರ್ ಕಾಫಿ ಹಾಕಿಕೊಡುತ್ತಾ ಹೇಳಿದರು. ಲಾರ್ಸ್ ಅದೇ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗೆ ರಿವೆಟ್ ಹೊಡೆಯುವ ಕೆಲಸದವನು, ಮೀನು ಹಿಡಿಯುವ ನಾರ್ವೇಜಿಯನ್ ಮನೆತನದ ಹುಡುಗ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಈ ಇಬ್ಬರೂ ಡಬ್ಬಿ ಒದೆಯುತ್ತಾ ಸ್ನೇಹಿತರಾದರು. ಕಾರ್ಖಾನೆಯಲ್ಲಿ ಬಹಳ ಜನರ ಕೆಲಸ ಹೋದ ಕಾಲ ಅದು, ಲಾರ್ಸ್‌ನದೂ ಹೋಯಿತು. ಇವನ ಕಾಲಿಗಾದರೂ ಕೆಲಸ ಕೊಡಿಸೋಣ ಎಂದು ಚಿನ್ನಪ್ಪನವರು ಅಂಗಡಿ ಅಂಗಡಿ ತಿರುಗಿದರು. ಒಬ್ಬ ಮೀನಿನ ವ್ಯಾಪಾರಿ ಒಪ್ಪಿಕೊಂಡ. ಆದ್ದರಿಂದ ಹೆರನ್ಸ್ ಆಟಗಾರರಿಗೆ ವಾರದ ಸಂಬಳದ ಜೊತೆ ಒಂದೊಂದು ಸಾಲ್ಮನ್ ಮೀನೂ ಸಿಗುತ್ತಿತ್ತು. ಬಕಪಕ್ಷಿಗೆ ಮೀನು ಕೊಟ್ಟರೆ ತಪ್ಪೇನು ಎಂದು ನಾನೆಂದೆ. ಅವರು ನಕ್ಕರು. ಆಮೇಲೆ ಲಾರ್ಸ್ ಜೊತೆ ಏನಾಯಿತೆಂದು ಕೇಳಿದ್ದಕ್ಕೆ ಮಾತ್ರ, ಕಾಫಿ ಆರುತ್ತೆ ಕುಡೀರಿ ಎಂದರು.

ಎಜುಕೇಶನ್ ಹಿಲ್

ಭಾನುವಾರ ರೆಡ್ಮಂಡ್‌ನ ಎಜುಕೇಶನ್ ಹಿಲ್‌ಗೆ ಹೋದೆವು. ಅಲ್ಲೊಂದು ಶಾಲೆಯ ಮೈದಾನದಲ್ಲಿ ನಮ್ಮ ಬೆಂಗಳೂರು, ಮೈಸೂರಿನ ಕಂಪ್ಯೂಟರ್ ಮಂದಿ ವಾರಕ್ಕೊಮ್ಮೆ ಫುಟ್‌ಬಾಲ್ ಆಡುತ್ತಾರೆ. ಚಿನ್ನಪ್ಪನವರು ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನನ್ನ ಕೊರಳಲ್ಲಿ ಸೀಟಿ ಕಂಡವರೇ ನನ್ನನ್ನು ಮೈದಾನದೊಳಗೆ ತಳ್ಳಿದರು. ಇಷ್ಟು ಕಷ್ಟದ ರೆಫ್ರಿಗಿರಿ ನಾನು ಮಾಡಿಲ್ಲ. ಫೌಲ್ ಮಾಡಿದವನು ಸೀಟಿ ಊದುವ ಮೊದಲೇ ಸಾರಿ ಕೇಳುತ್ತಾನೆ, ಬಿದ್ದವನು ಪರವಾಗಿಲ್ಲ ಗುರು ಎನ್ನುತ್ತಾನೆ. ನಾನು ಹಳದಿ ಕಾರ್ಡ್ ತೋರಿಸಿದರೆ ಇಬ್ಬರೂ ಸೇರಿ ನನಗೆ ಸಮಾಧಾನ ಹೇಳುತ್ತಾರೆ. ಹಲಸೂರಿನಲ್ಲಿ ಒಂದು ಕಾರ್ನರ್‌ಗಾಗಿ ನನ್ನ ಸೈಕಲ್ಲನ್ನು ಕೆರೆಗೆ ಹಾಕಿದ್ದರು.

ಆಟದ ನಡುವೆ ಒಬ್ಬನ ಕಾಲು ಉಳುಕಿತು. ಅವನು ಕುಂಟುತ್ತಾ ಹೋಗಿ ಚಿನ್ನಪ್ಪನವರ ಮುಂದೆ ಕಾಲು ಚಾಚಿ ಕುಳಿತ. ಅವರು ಜೇಬಿನಿಂದ ಬಟ್ಟೆಯ ಪಟ್ಟಿಯ ಸುರುಳಿ ತೆಗೆದು, ಹೆಬ್ಬೆರಳಿನಿಂದ ಕಾಲಿನ ಹರಡು ಒತ್ತಿ ನೋಡಿ, ಹಿಮ್ಮಡಿಯಿಂದ ಮೇಲಕ್ಕೆ ಸುತ್ತತೊಡಗಿದರು. ನನಗೆ ಹಲಸೂರು ಕಣ್ಣಮುಂದೆ ಬಂತು. ಬೂಟು ಕಾಣದ ಕಾಲದಲ್ಲಿ ನಮ್ಮಲ್ಲಿ ಆಟಕ್ಕೆ ಮೊದಲು ಮೇಷ್ಟ್ರೇ ಒಬ್ಬೊಬ್ಬರ ಹರಡಿಗೂ ಪಟ್ಟಿ ಕಟ್ಟುತ್ತಿದ್ದರು. ಯಾರು ಆಡುತ್ತಾರೆಂದು ಬಾಯಲ್ಲಿ ಹೇಳುವ ಪದ್ಧತಿಯೇ ಇರಲಿಲ್ಲ. ಹುಡುಗರು ಸಾಲಾಗಿ ಕಾಲು ಚಾಚಿ ಕೂರಬೇಕು. ಮೇಷ್ಟ್ರು ಕಟ್ಟಿದ ಹನ್ನೊಂದು ಕಾಲು ಒಳಗೆ, ಉಳಿದವರು ಹೊರಗೆ. ಬಿಟ್ಟುಹೋದವನು ಯಾಕೆಂದು ಕೇಳುತ್ತಿರಲಿಲ್ಲ. ನೀರಿನ ಬಿಂದಿಗೆ ಎತ್ತಿಕೊಂಡು ಗೆರೆಯಾಚೆ ಕೂರುತ್ತಿದ್ದ. ಅದರಲ್ಲಿ ಅವಮಾನವೇನಿಲ್ಲ, ನಿನಗೆ ಈ ವಾರ ಸುಸ್ತಾಗಿದೆ, ಮುಂದಿನ ವಾರ ನೋಡೋಣ ಎಂದಷ್ಟೇ ಅರ್ಥ. ಮುಂದಿನ ವಾರ ಮೊದಲ ಪಟ್ಟಿ ಅವನಿಗೇ ಬೀಳುತ್ತಿತ್ತು.

ಹೆರನ್ಸ್‌ನಲ್ಲೂ ಇದೇ ಪದ್ಧತಿ ಇಟ್ಟಿದ್ದಿರಾ ಎಂದು ವಾಪಸು ಬರುವಾಗ ಕೇಳಿದೆ. ಬೇರೆ ಯಾವುದೂ ನನಗೆ ಬರ್ತಿರಲಿಲ್ಲವಲ್ಲ ಎಂದರು.

ಫ್ಯಾಕ್ಟೋರಿಯಾ

ಬುಧವಾರ ಶೈಲಾ ನಮ್ಮನ್ನು ಬೆಲ್‌ವ್ಯೂ ಕಡೆಯ ಫ್ಯಾಕ್ಟೋರಿಯಾಕ್ಕೆ ಕರೆದೊಯ್ದರು. ಈಗ ಅಲ್ಲಿ ಆಫೀಸುಗಳು, ಅಂಗಡಿಗಳು, ಕಾರು ನಿಲ್ಲಿಸಲು ದೊಡ್ಡ ಬಯಲು. ಆ ಬಯಲೇ ಹಳೆಯ ಮೈದಾನ. ಅಂಚಿನಲ್ಲಿ ನೀಲಿ ಟಾರ್ಪಾಲು ಹೊದ್ದು ಕಲ್ಲು ಕಾಯುತ್ತಿತ್ತು. ಚಿನ್ನಪ್ಪನವರು ಕಾರಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ತೋರಿಸಿದರು: ಅಗೋ ಗೋಲು, ಅಲ್ಲಿ ಮರದ ಗ್ಯಾಲರಿ, ಆ ಹೆಂಗಸು ಸಾಮಾನಿನ ಗಾಡಿ ನಿಲ್ಲಿಸುತ್ತಿದ್ದಾಳಲ್ಲ, ಅಲ್ಲಿ ಡ್ರೆಸಿಂಗ್ ರೂಮು. ಆ ಹೆಂಗಸು ಗಾಡಿ ಬಿಟ್ಟು ಹೋಗುವವರೆಗೂ ನೋಡಿದರು. ಆಮೇಲೆ ಕೇಳದೆಯೇ ಹೇಳತೊಡಗಿದರು.

ಹೆರನ್ಸ್‌ನ ಕೊನೆಯ ವರ್ಷದ ಕೊನೆಯ ಪಂದ್ಯ. ಗೆದ್ದರೆ ದೊಡ್ಡ ಲೀಗು, ತಂಡ ಬದುಕುತ್ತದೆ. ಸೋತರೆ ಮೀನಿನ ವ್ಯಾಪಾರಿ ಕೈ ಬಿಡುತ್ತಾನೆ. ಎಲ್ಲರೂ ಸಾಲಾಗಿ ಕಾಲು ಚಾಚಿ ಕುಳಿತಿದ್ದರು. ಮೊದಲ ಕಾಲು ಯಾವತ್ತೂ ಕ್ಯಾಪ್ಟನ್ ಲಾರ್ಸ್‌ನದು. ಆ ದಿನ ಚಿನ್ನಪ್ಪನವರು ಅವನನ್ನು ದಾಟಿ ಪಕ್ಕದಲ್ಲಿದ್ದ, ಹೊರದೇಶದಿಂದ ಹೊಸದಾಗಿ ಬಂದ ಆಟಗಾರನ ಮುಂದೆ ಮಂಡಿಯೂರಿದರು. ಹನ್ನೊಂದೂ ಕಟ್ಟಿ ಮುಗಿದಾಗ ಲಾರ್ಸ್‌ನ ಕಾಲು ಇನ್ನೂ ಚಾಚಿಯೇ ಇತ್ತು. ಅವನು ಎದ್ದ, ತಂಡದ ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದ, ಹೊರಗೆ ಹೋದ. ತಂಡ ಸೋತಿತು. ಚಳಿಗಾಲದ ಹೊತ್ತಿಗೆ ಹೆರನ್ಸ್ ಇರಲಿಲ್ಲ. ಹೊಸ ಸ್ಟಾರ್ ಸಿಕ್ಕನೆಂದು ಕೋಚ್ ಚಿನ್ ಹಳೆಯ ಗೆಳೆಯನನ್ನು ಬಿಸಾಡಿದ ಎಂದು ಊರೆಲ್ಲ ಮಾತಾಡಿತು. ಇವರು ಇಲ್ಲ ಎನ್ನಲಿಲ್ಲ.

“ಅವತ್ತು ಆಡಿದ್ರೆ ಆ ಕಾಲು ಮುಗ್ದೇ ಹೋಗ್ತಿತ್ತು ಕಣ್ರಿ,” ಎಂದರು. “ಗ್ಯಾಲರಿ ಮೆಟ್ಲು ಹತ್ತೋವಾಗ್ಲೇ ನೋಡಿದ್ದೆ. ಎಡಗಾಲು ಊದ್ಕೊಂಡಿತ್ತು. ಹಲಸೂರಲ್ಲಾದ್ರೆ ಹೇಳೋದೇ ಬೇಕಿರ್ಲಿಲ್ಲ.”

“ಇದು ಹಲಸೂರಲ್ವಲ್ಲ ಸಾರ್,” ಎಂದೆ.

ಹಲಸೂರಿನ ಹುಡುಗರು ಬಿಂದಿಗೆ ಹೊತ್ತು ಬೆಳೆದವರು. ಪಟ್ಟಿ ಬೀಳದ ದಿನದ ಅರ್ಥ ಅವರಿಗೆ ತಿಳಿದಿತ್ತು. ಲಾರ್ಸ್‌ಗೆ ಅದನ್ನು ಯಾರು ಕಲಿಸಿದ್ದರು? ಅವನ ಕಾಲು ಅದುವರೆಗೆ ಒಮ್ಮೆಯೂ ಬಿಟ್ಟುಹೋಗಿರಲಿಲ್ಲ. ನನಗೆ ಸಿಟ್ಟೇ ಬಂತು. ನಮ್ಮ ಕಸುಬಿನಲ್ಲಿ ಸೀಟಿ ಊದಿದರೆ ಸಾಲದು, ಕೈ ಎತ್ತಿ ಯಾವ ಕಡೆಗೆ, ಯಾಕೆ ಎಂದು ತೋರಿಸಬೇಕು. ತೋರಿಸದಿದ್ದರೆ ತೀರ್ಪು ಸರಿಯಿದ್ದರೂ ಅನ್ಯಾಯವೇ ಎಂದೆ. ಮಾತು ಬೆಳ್ಳಿ ಮೌನ ಬಂಗಾರ ಅಂತ ನಮ್ಮಮ್ಮ ಹೇಳುತ್ತಿದ್ದಳು ಎಂದರು. ಬಂಗಾರವನ್ನು ಲಾಕರಿನಲ್ಲಿಟ್ಟು ಗೆಳೆಯನನ್ನು ಬರಿಗೈಯಲ್ಲಿ ಕಳಿಸಿದಿರಿ ಎಂದುಬಿಟ್ಟೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತು. ಅವರು ಬೇಸರಿಸಲಿಲ್ಲ, ಹೌದು ಎಂದರು.

ಇಷ್ಟು ವರ್ಷ ಯಾಕೆ ಹೋಗಿ ಹೇಳಲಿಲ್ಲ ಎಂದು ಶೈಲಾ ಕೇಳಿದರು. ಅವನೇ ಬಂದು ಕೇಳಲಿ ಅಂತ ಮೊದಮೊದಲು. ಆಮೇಲೆ, ಇಷ್ಟು ದಿನ ಬಿಟ್ಟು ಈಗ ಹೇಗೆ ಹೋಗೋದು ಅಂತ, ಎಂದರು ಅವರು. ಲಾರ್ಸ್ ಇರುವ ಎಡ್ಮಂಡ್ಸ್ ಊರು ಚಿನ್ನಪ್ಪನವರ ಮನೆಯಿಂದ ಅರ್ಧ ಗಂಟೆಯ ದಾರಿ. ನನಗೆ ಆ ನಾಲ್ಕು ರಸ್ತೆಯ ಕೂಡು ನೆನಪಾಯಿತು. ಇವರಿಬ್ಬರೂ ಐವತ್ತು ವರ್ಷದಿಂದ ಅಲ್ಲಿ ಕೈ ಬೀಸುತ್ತಾ ನಿಂತಿದ್ದಾರೆ, ಆಟೋದವನೊಬ್ಬ ನುಗ್ಗಲೇಬೇಕು ಎನಿಸಿತು. ನಾಳೆಯೇ ಹೋಗೋಣ ಎಂದೆ. ಫೋನ್ ಮಾಡದೆ ಒಬ್ಬರ ಮನೆಗೆ ಹೋಗುವುದು ಅಲ್ಲಿ ಬಹಳ ಅಸಭ್ಯ. ಶೈಲಾ ಗಾಬರಿಯಾಗಿ ಅಪ್ಪನ ಮುಖ ನೋಡಿದರು. ಫೋನ್ ಮಾಡಿದರೆ ಬೇಡ ಎನ್ನುತ್ತಾನೆ, ಹಾಗೇ ಹೋಗೋಣ ಎಂದರು ಚಿನ್ನಪ್ಪನವರು.

ಎಡ್ಮಂಡ್ಸ್

ಎಡ್ಮಂಡ್ಸ್ ಸಮುದ್ರಕ್ಕೆ ಇಳಿದಿರುವ ಊರು. ರಸ್ತೆಗಳೆಲ್ಲ ಕಡಿದಾದ ಇಳಿಜಾರು, ಕೆಳಗೆ ಕಾರುಗಳನ್ನು ನುಂಗಿಕೊಂಡು ಹೋಗುವ ದೊಡ್ಡ ದೋಣಿಗಳು. ಬರಿಗೈಯಲ್ಲಿ ಹೋಗಬಾರದೆಂದು ನಾನು ಬಾಳೆಹಣ್ಣು ಕೊಂಡಿದ್ದೆ. ಮೀನುಗಾರರ ಮನೆಗೆ ಬಾಳೆಹಣ್ಣು ಒಯ್ಯಬಾರದಂತೆ, ದೋಣಿಗೆ ಅಪಶಕುನ. ಅದನ್ನು ಶೈಲಾ ಹೇಳಿದ್ದು ಬಾಗಿಲ ಗಂಟೆ ಒತ್ತಿದ ಮೇಲೆ. ಹಣ್ಣನ್ನು ಕೊಡೆಯೊಳಗೆ ತುರುಕಿ ನಿಂತೆ.

ಬಾಗಿಲು ತೆರೆದವನು ಎತ್ತರದ, ಬೆನ್ನು ಬಾಗದ ಮುದುಕ. ಲಾರ್ಸ್ ಮೊದಲು ವಾಕರ್ ನೋಡಿದ, ಆಮೇಲೆ ಮುಖ. ಬಹಳ ಹೊತ್ತು ನೋಡಿದ. ಒಳಗೆ ಕರೆದು ಕಾಫಿ ಕೊಟ್ಟ; ಬಟ್ಟಲಿನ ತಳ ಕಾಣುವಷ್ಟು ತೆಳು. ತನ್ನ ಹೆಂಡತಿ ತೀರಿಕೊಂಡ ಸುದ್ದಿ, ಮಳೆಯ ವಿಷಯ, ಈ ವರ್ಷ ಸಾಲ್ಮನ್ ಬರದ ವಿಷಯ ಎಲ್ಲ ಬಂದವು. ಮುಖ್ಯವಾದದ್ದು ಬರಲಿಲ್ಲ. ನಾನು ಬಾಯಿ ಹಾಕಬೇಕೆಂದುಕೊಳ್ಳುವಷ್ಟರಲ್ಲಿ ಚಿನ್ನಪ್ಪನವರು ಬಟ್ಟಲು ಕೆಳಗಿಟ್ಟರು. ಅವರಾಡಿದ್ದು ಇಂಗ್ಲಿಷಿನಲ್ಲಿ, ಬಹಳ ಚಿಕ್ಕದಾಗಿ.

“ಅವತ್ತು ನಿನ್ನ ಕಾಲು ಊದಿತ್ತು ಲಾರ್ಸ್. ಅದಕ್ಕೇ ಕಟ್ಟಲಿಲ್ಲ.”

ಲಾರ್ಸ್ ತಲೆಯಾಡಿಸಿದ. ಊದಿದ್ದು ನನಗೆ ಗೊತ್ತಿತ್ತು, ಕಾಣಬಾರದೆಂದೇ ಎರಡೆರಡು ಕಾಲುಚೀಲ ಹಾಕಿಕೊಂಡಿದ್ದೆ ಎಂದ. ನೀನು ನೋಡಿಬಿಟ್ಟಿದ್ದೀಯೆಂದು ಆಗಲೇ ಅನಿಸಿತ್ತು. ಆದರೆ ನಿನ್ನ ಜೊತೆ ತಂಡ ಕಟ್ಟಿದವನು ನಾನು. ದಾಟಿ ಹೋಗುವಾಗ ನೀನು ನನ್ನ ಮುಖ ನೋಡಲಿಲ್ಲ ಎಂದ. ಆಮೇಲೆ ಅವನು ಇನ್ನೊಂದು ವಿಷಯ ಹೇಳಿದ. ಅಂಗಿ ಬಿಚ್ಚಿಟ್ಟವನು ಮನೆಗೆ ಹೋಗಿರಲಿಲ್ಲ. ಮೈದಾನದ ಹೊರಗೆ ತನ್ನ ಕಾರಿನಲ್ಲಿ, ಯಾರಾದರೂ ಕರೆದರೆ ಕೇಳಲಿ ಎಂದು ಕಿಟಕಿ ಇಳಿಸಿಕೊಂಡು, ಅರ್ಧ ಪಂದ್ಯ ಮುಗಿಯುವವರೆಗೆ ಕುಳಿತಿದ್ದ.

“ಒಂದು ಮಾತು ಹೇಳಿದ್ದರೆ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದೆ,” ಎಂದ.

“ಕಿಟಕಿ ಇಳಿಸಿದ್ದು ಕಂಡಿತ್ತು,” ಎಂದರು ಚಿನ್ನಪ್ಪನವರು. “ನೀನೇ ಒಳಗೆ ಬರ್ತೀಯ ಅಂದ್ಕೊಂಡೆ.”

ಶೈಲಾ ಎದ್ದು ಹೋಗಿ ಸಮುದ್ರದ ಕಡೆಯ ಕಿಟಕಿಯ ಬಳಿ ನಿಂತರು. ಚಿನ್ನಪ್ಪನವರ ಕೈ ಜೇಬಿಗೆ ಹೋಗಿ ಆ ಪಟ್ಟಿಯ ಸುರುಳಿಯೊಂದಿಗೆ ಹೊರಬಂತು. ವಾಕರ್ ಹಿಡಿದು ಕೆಳಗೆ ಬಾಗಲು ನೋಡಿದರು. ಮಂಡಿ ಮಡಚಲಿಲ್ಲ. ಲಾರ್ಸ್ ಒಂದು ಕ್ಷಣ ತನ್ನ ಎಡಗಾಲನ್ನು ನೋಡಿಕೊಂಡ. ಆಮೇಲೆ ಅದನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡು, ಬಿಡು ಚಿನ್, ಈಗ ಬೇಡ ಎಂದ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತೆಂದು ನನಗನಿಸಿತು; ಕೋಪಕ್ಕೆ ಏನಾದರೂ ಹೇಳಬಹುದಿತ್ತು. ಶನಿವಾರಕ್ಕೆ ಮಾತ್ರ ಬರುವುದಿಲ್ಲ ಎಂದ. ಕಲ್ಲು ಕೊನೆಯವರೆಗೆ ಇದ್ದವರಿಗೆ, ತಾನು ಆಟ ಶುರುವಾಗುವ ಮೊದಲೇ ಎದ್ದುಹೋದವನು. ನೀನು ಹೇಳಿದ್ದು ಒಳ್ಳೆಯದಾಯಿತು, ಆಗಲೇ ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು ಎಂದ.

ಶನಿವಾರದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಲಾರ್ಸ್ ಬರದಿದ್ದರೂ ಚಿನ್ನಪ್ಪನವರು ಹೋದರು. ಟಾರ್ಪಾಲು ಸರಿಸಿದರು, ಸ್ಥಾಪಕ ಮತ್ತು ಕೋಚ್ ಎಂದು ಅವರ ಹೆಸರಿತ್ತು. ಮಾತಾಡಿ ಎಂದು ಮೈಕು ಕೊಟ್ಟರೆ, ಇಬ್ಬರು ಕಟ್ಟಿದ ತಂಡಕ್ಕೆ ಒಬ್ಬನ ಹೆಸರು ಹಾಕಿದ್ದೀರಿ ಎಂದು ಹೇಳಿ ಮೈಕು ವಾಪಸು ಕೊಟ್ಟರು. ನನಗೆ ನೆನಪುಳಿದದ್ದು ಅದಲ್ಲ, ಗುರುವಾರ ಲಾರ್ಸ್‌ನ ಮನೆಯಿಂದ ಹೊರಟ ಗಳಿಗೆ.

ನಮ್ಮ ಕಾರು ಇಳಿಜಾರಿನ ಬುಡದಲ್ಲಿ ನಿಂತಿತ್ತು. ಲಾರ್ಸ್ ಚಿನ್ನಪ್ಪನವರ ತೋಳು ಹಿಡಿದು ಅಲ್ಲಿಯವರೆಗೂ ಇಳಿಸಿಕೊಂಡು ಬಂದ. ವಾಕರನ್ನು ಮಡಚಿ ಡಿಕ್ಕಿಯಲ್ಲಿಟ್ಟ. ಕೈ ಕುಲುಕಿದ. ಆಮೇಲೆ ತಿರುಗಿ ಮನೆಯ ಕಡೆ ಹತ್ತತೊಡಗಿದ. ಶೈಲಾ ಕಾರು ಚಾಲೂ ಮಾಡಿದರು. ನಿಲ್ಲಿಸಮ್ಮ ಎಂದರು ಚಿನ್ನಪ್ಪನವರು. ಗಾಜಿನ ಮೇಲೆ ಮಳೆಹನಿ ತುಂಬಿಕೊಂಡು ಏನೂ ಕಾಣುತ್ತಿರಲಿಲ್ಲ. ಅವರು ಗಾಜು ಇಳಿಸಿ, ತಲೆ ಹೊರಗೆ ಹಾಕಿದರು.

ಎಂಬತ್ತರ ಮುದುಕ ಕೊಡೆಯಿಲ್ಲದೆ, ಜೇಬಿನಲ್ಲಿ ಕೈಯಿಟ್ಟುಕೊಂಡು, ಆ ಕಡಿದಾದ ರಸ್ತೆಯನ್ನು ಎಲ್ಲೂ ನಿಲ್ಲದೆ ಹತ್ತುತ್ತಿದ್ದ.

“ಎಡಗಾಲು ನೋಡಿ ರೆಫ್ರೀ,” ಎಂದರು. “ಏನಾದ್ರೂ ಎಳೀತಾನಾ?”

ಮೂವತ್ತು ವರ್ಷ ಕಾಲುಗಳನ್ನೇ ನೋಡಿದ ಕಣ್ಣಿನಿಂದ ನೋಡಿದೆ. ಹಿಮ್ಮಡಿ ಊರುತ್ತಿತ್ತು, ಬೆರಳು ಏಳುತ್ತಿತ್ತು, ಎರಡೂ ಕಾಲು ಒಂದೇ ಸಮ.

“ಒಂಚೂರೂ ಇಲ್ಲ ಸಾರ್,” ಎಂದೆ.

ಲಾರ್ಸ್ ಮೇಲೆ ತಲುಪಿ ಬಾಗಿಲು ಹಾಕಿಕೊಂಡ. ಚಿನ್ನಪ್ಪನವರ ತಲೆ, ಹೆಗಲು ಮಳೆಯಲ್ಲಿ ನೆನೆದಿದ್ದವು. ಕೈಯಲ್ಲಿ ಆ ಪಟ್ಟಿಯ ಸುರುಳಿ ಹಾಗೇ ಇತ್ತು.

“ಐವತ್ತು ವರ್ಷದಿಂದ ಹಿಂಗೇ ನಡೀತಿದ್ದಾನೆ,” ಎಂದರು. “ನಾನು ಇವತ್ತು ನೋಡ್ದೆ.”